ಊದಿನಕಡ್ಡಿಯೂ ಇಪ್ಪತ್ತೈದನೆಯ ವಿಧಿಯೂ

ಮನುಷ್ಯನೆಂದ ಮೇಲೆ ಒಂದು ಚಟ ಇರುತ್ತದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ನನ್ನ ಭಾವಮೈದುನನಿಗೆ ಊರವರ ಜಾತಕ ಕೂಡಿಸುವುದು. ನನ್ನ ಚಟ ಸಂವಿಧಾನ. ಯಾರಾದರೂ ನನ್ನೆದುರಿಗೆ ಅದರ ಬಗ್ಗೆ ತಪ್ಪು ಮಾತಾಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಒಮ್ಮೆ ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ನೂಲಿನ ವ್ಯಾಪಾರಿಯೊಬ್ಬ ಪಕ್ಕದವನಿಗೆ, “ಈ ದೇಶದಾಗ ಎಲ್ಲಾರಿಗೂ ಹಕ್ಕ ಐತಿ, ಕುಂಡ್ರಾಕ ಸೀಟ ಮಾತ್ರ ಇಲ್ಲ” ಎಂದು ನಗೆಯಾಡುತ್ತಿದ್ದ. ಅದು ನಗೆಮಾತು ಎಂಬುದು ನನಗೂ ಗೊತ್ತಿತ್ತು. ಆದರೂ ನಿಂತಲ್ಲಿಂದಲೇ, ಮೇಲಿನ ಕಂಬಿ ಹಿಡಿದುಕೊಂಡು, ಮೂಲಭೂತ ಹಕ್ಕಿಗೂ ಬಸ್ಸಿನ ಸೀಟಿಗೂ ಇರುವ ವ್ಯತ್ಯಾಸವನ್ನು ಅವನಿಗೆ ವಿವರಿಸಿದೆ. ಅರ್ಧ ದಾರಿಯಲ್ಲಿ ಅವನು ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಮಾತು ಒಪ್ಪಿ ಬಿಟ್ಟನೋ, ಮಾತು ನಿಲ್ಲಲಿ ಎಂದು ಬಿಟ್ಟನೋ ಇವತ್ತಿಗೂ ತಿಳಿದಿಲ್ಲ. ಮೊದಲನೆಯದೆಂದೇ ನಾನು ನಂಬಿದ್ದೇನೆ. ನಂಬಿಕೆಗೆ ಸ್ವಾತಂತ್ರ್ಯವಿದೆ.

ನಾನು ರಾಜ್ಯಶಾಸ್ತ್ರದ ಉಪನ್ಯಾಸಕ. ಮನೆ ಜಮಖಂಡಿಯಲ್ಲಿ, ನೌಕರಿ ಬನಹಟ್ಟಿ ಕಡೆಯ ಒಂದು ಸರಕಾರಿ ಕಾಲೇಜಿನಲ್ಲಿ. ಕಾಲೇಜಿನ ಹೆಸರು ಹೇಳುವುದಿಲ್ಲ; ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಉಳಿದಿದೆ. ‘ಧರ್ಮ ಮತ್ತು ರಾಜ್ಯ’ ಎಂಬ ಪಾಠವನ್ನು ಇಪ್ಪತ್ತಾರು ವರ್ಷ ಹೇಳಿದ್ದೇನೆ. ಒಂದೇ ಪಾಠವನ್ನು ಅಷ್ಟು ವರ್ಷ ಹೇಳಿದವನಿಗೆ ಅದು ತನ್ನ ಹಿರಿಯರು ಬಿಟ್ಟುಹೋದ ಆಸ್ತಿ ಎನ್ನಿಸತೊಡಗುತ್ತದೆ. ಅದಕ್ಕೆ ನನ್ನದೇ ಒಂದು ದೃಷ್ಟಾಂತವೂ ಇದೆ. ಅಣ್ಣತಮ್ಮಂದಿರಿಬ್ಬರು ಬೇರೆಯಾಗುತ್ತಾರೆ, ಜಗಳವಾಡಿ ಅಲ್ಲ, ಜಗಳ ಆಗಬಾರದೆಂದು. ಅಂಗಳ ಒಂದೇ, ಬಾವಿ ಒಂದೇ, ಆದರೆ ಒಲೆ ಬೇರೆ. ಅವನ ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂದು ಇವನು ಮುಚ್ಚಳ ತೆಗೆದು ನೋಡಬಾರದು. ಯುರೋಪಿನಲ್ಲಿ ಅರಸರೂ ಚರ್ಚಿನವರೂ ನೂರಾರು ವರ್ಷ ಒಬ್ಬರ ಗಡಿಗೆಯಲ್ಲಿ ಒಬ್ಬರು ಸೌಟು ಆಡಿಸಿ, ಕಡೆಗೆ ಸಾಕಾಗಿ ನಡುವೆ ಗೋಡೆ ಕಟ್ಟಿಕೊಂಡರು. ನಮ್ಮ ಹಿರಿಯರು ಗೋಡೆ ಕಟ್ಟಲಿಲ್ಲ, ಅಂಗಳದಲ್ಲಿ ಗೆರೆ ಎಳೆದರು. ಈ ದೃಷ್ಟಾಂತ ಕೇಳಿದ ಹುಡುಗರು ತಲೆದೂಗುತ್ತಾರೆ. ತಲೆದೂಗದವಳು ನನ್ನ ಹೆಂಡತಿ ಶಾಂತಾ ಒಬ್ಬಳೇ. ರಬಕವಿಯ ನೇಕಾರ ಮನೆತನದವಳು, ಎಳೆ ಎಲ್ಲಿ ಕಡಿದಿದೆ ಎಂದು ದೂರದಿಂದಲೇ ಕಾಣುತ್ತದೆ ಅವಳಿಗೆ. “ನಿಮ್ಮ ತಮ್ಮನ ಕೂಡ ಬ್ಯಾರೆ ಆದಾಗ ಒಂದ ಒಳ್ಳಿನ ಸಲುವಾಗಿ ಆರ ತಿಂಗಳ ಮಾತ ಬಿಟ್ಟಿದ್ರಿ. ಅದನ್ನೂ ಪಾಠದಾಗ ಹೇಳ್ತೀರೇನು?” ಎಂದು ಕೇಳಿದ್ದಳು. ಹೇಳುವುದಿಲ್ಲ. ಪಠ್ಯಕ್ರಮದಲ್ಲಿ ಒಳಕಲ್ಲು ಇಲ್ಲ.

ನಮ್ಮ ಪ್ರಾಂಶುಪಾಲರು ದೇಸಾಯಿ ಸರ್. ಇತಿಹಾಸದವರು, ಮುಧೋಳದವರು, ಮನೆಯಲ್ಲಿ ಎರಡು ಬೇಟೆನಾಯಿ ಸಾಕಿದ್ದಾರೆ. ನಾಯಿಗಳಿಗೆ ಹೇಳುವ ದನಿಯಲ್ಲಿಯೇ ನಮಗೂ ಹೇಳುತ್ತಾರೆ. ನಾಯಿಗಳು ಕೇಳುತ್ತವೆ ಎಂಬುದೊಂದೇ ವ್ಯತ್ಯಾಸ. ಕೆಟ್ಟ ಮನುಷ್ಯರಲ್ಲ. ಹೋದ ವರ್ಷ ದಸರೆಗೆ ಮುಂಚೆ ಅವರು ಒಂದು ಸುತ್ತೋಲೆ ಹೊರಡಿಸಿದರು. ಖಂಡೇನವಮಿಯ ನಿಮಿತ್ತ ಕಾಲೇಜಿನ ಎಲ್ಲ ಯಂತ್ರಗಳಿಗೂ ಪೂಜೆ. ಪ್ರತಿ ತರಗತಿಯಿಂದ ಐದು ತೆಂಗಿನಕಾಯಿ ತರಬೇಕು. ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಕಡ್ಡಾಯವಾಗಿ ಹಾಜರಿರತಕ್ಕದ್ದು. ಕೆಳಗೆ ಸಹಿ, ಮೊಹರು, ಜಾವಕ ಸಂಖ್ಯೆ. ಖಂಡೇ ಪೂಜೆ ಮೊದಲಿಂದಲೂ ಇತ್ತು. ಯಾರೋ ನಾಲ್ಕು ಜನ ಸೇರಿ ಒಂದು ಕಾಯಿ ಒಡೆದು, ಚುರುಮುರಿ ಹಂಚಿ ಮುಗಿಸುತ್ತಿದ್ದರು. ನಾನೂ ಚುರುಮುರಿ ತಿಂದವನೇ. ಆದರೆ ಆ ‘ಕಡ್ಡಾಯವಾಗಿ’ ಎಂಬ ಶಬ್ದ ಹಲ್ಲಿನ ಸಂದಿಯಲ್ಲಿ ಸಿಕ್ಕ ಕಬ್ಬಿನ ಸಿಬಿರಿನಂತೆ ನನ್ನನ್ನು ಕಾಡತೊಡಗಿತು.

ನಾನು ಸುತ್ತೋಲೆ ಹಿಡಿದುಕೊಂಡು ನೇರವಾಗಿ ಅವರ ಕೋಣೆಗೆ ಹೋದೆ. “ಸರ್, ಇದು ಸರಕಾರಿ ಕಾಲೇಜು. ಪೂಜೆಗೆ ಬರ್ರಿ ಅಂತ ಸರಕಾರ ಹೇಳಾಕ ಬರೂದಿಲ್ಲ” ಎಂದೆ.

“ಸರಕಾರ ಎಲ್ಲಿ ಹೇಳೇತಿ? ನಾ ಹೇಳೇನಿ” ಎಂದರು ದೇಸಾಯಿ ಸರ್.

“ಮೊಹರ ಹಚ್ಚಿದ ಮ್ಯಾಲ ನೀವ ಸರಕಾರರಿ.”

ಈ ಮಾತು ಅವರಿಗೆ ಹಿಡಿಸಿತು. ಮೀಸೆ ನೇವರಿಸಿಕೊಂಡು ಸ್ವಲ್ಪ ಹೊತ್ತು ಸರಕಾರವಾಗಿ ಕುಳಿತರು. ಆಮೇಲೆ, “ನೋಡ್ರಿ, ತಕರಾರು ಮಾಡೂದಿದ್ರ ಮುಲ್ಲಾ ಅವರು ಮಾಡಬೇಕಿತ್ತು. ಅವರ ಪ್ರತಿ ವರ್ಷ ಕಾಯಿ ಒಡೀತಾರ. ಅವರಿಗೆ ಇಲ್ಲದ ತ್ರಾಸ ನಿಮಗ್ಯಾಕ?” ಎಂದರು.

ಮುಲ್ಲಾ ಸರ್ ನಮ್ಮ ಗ್ರಂಥಪಾಲಕರು, ಬೀಳಗಿಯವರು. ಅವರ ಕೈಯಲ್ಲಿ ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಗುತ್ತದೆ. ಆದ್ದರಿಂದ ಕಾಲೇಜಿನ ಕಾಯಿಯೆಲ್ಲ ಒಡೆಯುವ ಕೆಲಸ ಅವರ ಪಾಲಿಗೆ. ನಾನು ಗ್ರಂಥಾಲಯಕ್ಕೆ ಹೋಗಿ ಅವರನ್ನೇ ಕೇಳಿದೆ. ಅವರು ಕಪಾಟಿನ ಧೂಳು ಒರೆಸುತ್ತ, ತಿರುಗಿ ನೋಡದೆ ಹೇಳಿದರು: “ಕಾಯಿ ಒಡಿಯೂದು ನನಗ ಖುಷೀನರಿ. ಒಡೀಬ್ಯಾಡ ಅನಿಸಿದ್ರೂ ನಾ ಹೆಂಗ ಹೇಳಲಿ? ನೀವ ತಕರಾರು ಮಾಡಿದ್ರ ರಾಜ್ಯಶಾಸ್ತ್ರ ಅಂತಾರ. ನಾ ಮಾಡಿದ್ರ ಮುಲ್ಲಾ ಮಾಡಿದಾ ಅಂತಾರ.”

ಇಪ್ಪತ್ತಾರು ವರ್ಷ ಹೇಳಿದ ಪಾಠದಲ್ಲಿ ಈ ವಾಕ್ಯ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಸ್ವಲ್ಪ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಶೌರ್ಯ ಬರುತ್ತದೆ.

ಪೂಜೆ ನಡೆದೇ ನಡೆಯಿತು. ಒಬ್ಬ ಉತ್ಸಾಹಿ ಗುಮಾಸ್ತರು ಪ್ರಿಂಟರಿನ ಬಾಯಿಗೇ ಕುಂಕುಮ ಹಾಕಿದರು. ಮರುವಾರ ಆ ಪ್ರಿಂಟರಿನಿಂದ ಬಂದ ವರ್ಗಾವಣೆ ಪತ್ರಗಳೆಲ್ಲ ನಡುಹಣೆಯಲ್ಲಿ ಕೆಂಪು ಬೊಟ್ಟು ಹೊತ್ತು ಮದುವಣಗಿತ್ತಿಯರಂತೆ ಹೊರಬಂದವು. ಒಬ್ಬ ಹುಡುಗನ ಜನ್ಮದಿನಾಂಕವೇ ಬೊಟ್ಟಿನ ಕೆಳಗೆ ಮುಚ್ಚಿಹೋಗಿತ್ತು. ಇದೇ ಸಮಯ ಎಂದುಕೊಂಡು ಇಲಾಖೆಗೆ ಒಂದು ಮನವಿ ಬರೆದೆ. ಮೂರು ಪುಟ. ಧರ್ಮಸ್ವಾತಂತ್ರ್ಯದ ಇಪ್ಪತ್ತೈದರಿಂದ ಇಪ್ಪತ್ತೆಂಟನೆಯ ವಿಧಿಯವರೆಗೆ ಯಾವುದನ್ನೂ ಬಿಡಲಿಲ್ಲ. ಬರೆದು ಮುಗಿದಾಗ ಮೂರನೆಯ ಪುಟದ ಕೆಳಗೆ ಎರಡು ಸಾಲಿನ ಜಾಗ ಉಳಿಯಿತು. ಖಾಲಿ ಬಿಟ್ಟರೆ ವಾದ ಸೋತಂತೆ ಕಾಣುತ್ತದೆಂದು, “ಇದಲ್ಲದೆ ಕಚೇರಿಯಲ್ಲಿ ಪ್ರತಿದಿನವೂ ಪೂಜಾವಿಧಿಗಳು ನಡೆಯುತ್ತಿರುವುದು ಕಂಡುಬಂದಿದೆ” ಎಂದು ಸೇರಿಸಿದೆ. ಆ ಸಾಲು ಎಷ್ಟು ಸರಿಯಾಗಿ ಜಾಗಕ್ಕೆ ಕೂತಿತೆಂದರೆ ಶಾಂತಾಳನ್ನು ಕರೆದು ಓದಿ ತೋರಿಸಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಯಾರದರ ಹೆಸರ ಬರದೀರೇನು?” ಎಂದಳು.

“ಇಲ್ಲವೇ ಇಲ್ಲ. ನನ್ನ ಜಗಳ ತತ್ವದ ಕೂಡ, ವ್ಯಕ್ತಿ ಕೂಡ ಅಲ್ಲ.”

“ಹೆಸರ ಇಲ್ಲದ ಕಾಗದ ಕೆಟ್ಟರಿ. ಬಡವರನ್ನ ಹುಡಿಕ್ಕೊಂಡ ಹೊಕ್ಕೈತಿ ಅದು” ಎಂದಳು. ಅದನ್ನು ನಾನು ರೊಟ್ಟಿಯ ಸದ್ದಿನಲ್ಲಿ ಕೇಳಿಸಿಕೊಳ್ಳದವನಂತೆ ಇದ್ದುಬಿಟ್ಟೆ.

ಇಪ್ಪತ್ತು ದಿನಕ್ಕೆ ಇಲಾಖೆಯಿಂದ ಪ್ರಾಂಶುಪಾಲರಿಗೆ ಪತ್ರ ಬಂತು. ನನ್ನ ಮೂರು ಪುಟಗಳಲ್ಲಿ ಇಲಾಖೆಗೆ ಅರ್ಥವಾದದ್ದು ಒಂದೇ ಸಾಲು. ಆ ಕಡೆಯ ಸಾಲು. ‘ಕಚೇರಿಯಲ್ಲಿ ಪ್ರತಿದಿನ ಪೂಜೆ ಮಾಡುತ್ತಿರುವವರು ಯಾರು? ಹೆಸರು ತಿಳಿಸುವುದು.’ ದೇಸಾಯಿ ಸರ್ ತಿಳಿಸಿದರು: ನಿಂಗವ್ವ.

ನಿಂಗವ್ವ ನಮ್ಮ ಕಾಲೇಜಿನ ಕಸ ಗುಡಿಸುವವಳು. ಹೊರಗುತ್ತಿಗೆಯವರ ಮುಖಾಂತರ ಬಂದು ಆರು ವರ್ಷವಾಗಿದೆ. ಅದಕ್ಕೂ ಮುಂಚೆ ಹದಿನೈದು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದಿದ್ದಳು. ಮಗ್ಗಗಳ ಖಟಖಟದಲ್ಲಿ ಮಾತಾಡಿ ಮಾತಾಡಿ ಅವಳ ದನಿ ಹಾಗೆಯೇ ನಿಂತುಬಿಟ್ಟಿದೆ. ಅವಳು ಕಿವಿಯಲ್ಲಿ ಹೇಳಿದ ಗುಟ್ಟು ಗೇಟಿನವರೆಗೆ ಕೇಳುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕಚೇರಿ ಗುಡಿಸಿ, ಗೋಡೆಗೆ ತೂಗುಹಾಕಿದ ದೇವರ ಪಟದ ಮುಂದೆ ಒಂದು ಊದಿನಕಡ್ಡಿ ಹಚ್ಚುತ್ತಾಳೆ. ಆರು ವರ್ಷ ಅದನ್ನು ನೋಡಿದ್ದೇನೆ. ಖರೆ ಹೇಳಬೇಕೆಂದರೆ ಆ ವಾಸನೆ ನನಗೆ ಸೇರುತ್ತಿತ್ತು. ‘ಪೂಜಾವಿಧಿಗಳು’ ಎಂದು ಬರೆಯುವಾಗ ನನ್ನ ಕಣ್ಣ ಮುಂದೆ ಅವಳಿರಲಿಲ್ಲ, ಎರಡು ಖಾಲಿ ಸಾಲು ಇದ್ದವು.

ಇಲಾಖೆ ವಿಚಾರಣೆಗೆ ದಿನ ಗೊತ್ತುಮಾಡಿತು. ಗುತ್ತಿಗೆಯವರು ಅವಳಿಗೆ, ವಿಚಾರಣೆ ಮುಗಿಯುವವರೆಗೆ ಇರು, ಆಮೇಲೆ ಬರುವುದು ಬೇಡ ಎಂದರಂತೆ. ಅವಳು ಪೊರಕೆ ಹಿಡಿದುಕೊಂಡೇ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು. ನಾನು ಒಳಗೆ, ಏನು ಹೇಳಲಿ, ಅದೇ ಪಾಠ ಮಾಡುತ್ತಿದ್ದೆ.

“ಸರ, ನನ್ನ ಮ್ಯಾಲ ಕಾಗದ ಬರದೀರಂತಲ್ಲರೀ?”

“ನಿನ್ನ ಮ್ಯಾಲಲ್ಲ ನಿಂಗವ್ವ, ವ್ಯವಸ್ಥೆ ಮ್ಯಾಲ ಬರದೇನಿ.”

“ವ್ಯವಸ್ಥಾಕ ಏನಾತರಿ? ಅದು ಕುರ್ಚಿ ಮ್ಯಾಲ ಕುಂತೈತಿ. ಕೆಲಸಾ ಹೋಗಾಕತ್ತಿದ್ದು ನಂದು.”

ಮೂರು ತರಗತಿಗೆ ಕೇಳಿಸಿತು. ನನ್ನ ಹುಡುಗರು ಮೊದಲ ಸಲ ಆ ಪಾಠದಲ್ಲಿ ಯಾರೂ ಆಕಳಿಸದೆ ಕುಳಿತಿದ್ದರು. ನಾನು ಬೋರ್ಡಿನ ಕಡೆ ತಿರುಗಿ, ಅದಾಗಲೇ ಬರೆದದ್ದರ ಮೇಲೆಯೇ ಇನ್ನೊಮ್ಮೆ ಸುಣ್ಣದ ಕಡ್ಡಿ ಆಡಿಸಿದೆ.

ಆ ದಿನ ಊಟ ಸೇರಲಿಲ್ಲ ಎಂದರೆ ಸುಳ್ಳಾದೀತು. ಊಟ ಮಾಡಿದೆ, ಆದರೆ ಶಾಂತಾಳ ಮುಖ ನೋಡದೆ ಮಾಡಿದೆ. ಮರುದಿನ ದೇಸಾಯಿ ಸರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. “ಸರ್, ಸುತ್ತೋಲೆ ಹೊರಡಿಸಿದವರು ನೀವು. ಅವಳ ಹೆಸರ ಯಾಕ ಬರದ್ರಿ?”

“ದಿನಾ ಮಾಡೂರು ಯಾರು ಅಂತ ಕೇಳ್ಯಾರ. ನಾ ವರ್ಷಕ್ಕೊಮ್ಮೆ ಮಾಡ್ತೇನಿ” ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಅವರ ದನಿಯಲ್ಲದ ದನಿಯಲ್ಲಿ, “ದಿನಾ ಅಂತ ಬರದವರು ನೀವಲ್ಲೇನ್ರಿ? ನಾ ಹೆದರಿದೆ, ಒಪ್ಪಿಗೊಂತೇನಿ. ನೀವ್ಯಾಕ ಬರದ್ರಿ?” ಎಂದು ಕೇಳಿದರು.

ಎರಡು ಸಾಲು ಖಾಲಿ ಉಳಿದಿತ್ತು ಎಂದು ಹೇಳುವ ಬದಲು ಬಾಗಿಲು ತೆಗೆದು ಹೊರಗೆ ಬಂದೆ.

ಆದರೆ ನಾನು ಸೋಲೊಪ್ಪುವ ಪೈಕಿ ಅಲ್ಲ. ವಿಚಾರಣೆಗೆ ಇನ್ನೂ ಎಂಟು ದಿನವಿತ್ತು. ನನ್ನದೇ ಪುಸ್ತಕಗಳನ್ನು ಮತ್ತೆ ಓದಿದೆ, ಈ ಸಲ ನಿಂಗವ್ವನ ವಕೀಲನಾಗಿ. ಆಶ್ಚರ್ಯವೆಂದರೆ ಬೇಕಾದದ್ದೆಲ್ಲ ಅಲ್ಲಿಯೇ ಇತ್ತು. ಸರಕಾರಕ್ಕೆ ಧರ್ಮ ಇರಬಾರದೆಂದರೆ ಸರಕಾರಿ ಕಟ್ಟಡ ಗುಡಿಸುವವಳಿಗೆ ದೇವರು ಇರಬಾರದೆಂದಲ್ಲ. ಮೊಹರು ಹಚ್ಚಿ ‘ಕಾಯಿ ತರತಕ್ಕದ್ದು’ ಎನ್ನುವುದು ರಾಜ್ಯ ಮಾಡಿದ ಕೆಲಸ. ಯಾರಿಗೂ ‘ನೀನೂ ಬಾ’ ಎನ್ನದೆ ತನ್ನ ಪಾಡಿಗೆ ತಾನು ಒಂದು ಕಡ್ಡಿ ಹಚ್ಚುವುದು ನಿಂಗವ್ವ ಮಾಡಿದ ಕೆಲಸ. ಮೊದಲನೆಯದನ್ನು ತಡೆಯುವ ಸಂವಿಧಾನವೇ ಎರಡನೆಯದನ್ನು ಕಾಯುತ್ತದೆ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಇದನ್ನು ಬಾಯಿಪಾಠ ಮಾಡಿದೆ. ನನ್ನ ಪಕ್ಕದ ಸೀಟು ಎಂಟು ದಿನವೂ ಖಾಲಿಯಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಸಣಕಲು ಮನುಷ್ಯ, ಸಕ್ಕರೆ ಇಲ್ಲದ ಚಹಾ ಕುಡಿಯುವವರು, ಆದ್ದರಿಂದ ಸ್ವಲ್ಪ ಬೇಸರದಲ್ಲಿದ್ದರು. ಕಚೇರಿಯಲ್ಲಿಯೇ ಕುಳಿತರು. ಒಂದು ಕಡೆ ದೇಸಾಯಿ ಸರ್, ಇನ್ನೊಂದು ಕಡೆ ನಾನು, ಬಾಗಿಲ ಹತ್ತಿರ ಮುಲ್ಲಾ ಸರ್, ಗೋಡೆಗೆ ಆನಿಕೊಂಡು ನಿಂಗವ್ವ. ನಾನು ಎದ್ದು ನಿಂತು ಶುರುಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿರಬೇಕು. ನನ್ನ ಬಾಯಿಂದ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಚೆನ್ನಾಗಿ ಮಾತಾಡಿದೆ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಂಬ ಮಾತು ಬಂದಾಗ ಮುಲ್ಲಾ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಕಡೆಗೆ, “ಮನವಿಯ ಕೊನೆಯ ವಾಕ್ಯ ನನ್ನ ತಪ್ಪು. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದ ಮೂರು ಪುಟ ಹಾಗೆಯೇ ಇರಲಿ” ಎಂದು ಬರೆದು ತಂದ ಕಾಗದವನ್ನು ಅವರ ಮುಂದಿಟ್ಟೆ. ಆ ಒಂದು ಸಾಲು ಬರೆಯಲು ನನಗೆ ಮೂರು ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಅಧಿಕಾರಿ ಕಾಗದ ನೋಡಿದರು. “ನೀವ ಹೇಳೂದು ಖರೆ ಇರಬಹುದು. ಆದ್ರ ನಾ ವರದಿಯಾಗ ಏನಂತ ಬರೀಲಿ? ಅಕಿನ್ನ ಕೇಳೂಣು” ಎಂದು ನಿಂಗವ್ವನ ಕಡೆ ತಿರುಗಿದರು. “ಏನವಾ, ಕಚೇರಿಯಾಗ ದಿನಾ ಊದಿನಕಡ್ಡಿ ಹಚ್ಚೂದು ಖರೇನ?”

“ಖರೇರಿ.”

“ಯಾವ ದೇವರಿಗೆ?”

“ದೇವರಿಗ್ಯಾಕರಿ? ಇಲಿ ನಾತಕ್ಕರಿ!”

ಅಧಿಕಾರಿಯ ಕೈಯಲ್ಲಿದ್ದ ಕಪ್ಪು ಬಸಿಗೆ ತಾಗಿ ಸದ್ದಾಯಿತು. ನಿಂಗವ್ವ ಮುಂದುವರಿಸಿದಳು, ಗೇಟಿನಲ್ಲಿದ್ದವರಿಗೂ ತಿಳಿಯುವಂತೆ. “ಈ ಹಳೇ ಕಾಗದದ ಗಂಟಿನಾಗ ಇಲಿ ಮರಿ ಹಾಕತಾವ, ಅಲ್ಲೇ ಸಾಯತಾವ. ಮುಂಜಾನೆ ಬಾಗಲಾ ತಗದ್ರ ನಿಲ್ಲಾಕ ಆಗೂದಿಲ್ಲರಿ. ಫಿನಾಯಿಲ್ ಕೇಳಿದ್ರ ಬರ್ತೈತಿ ತಡಿ ಅಂತಾರ. ಕಡ್ಡಿ ನನ್ನ ಮನೀವು.”

“ಮತ್ತ ಈ ಪಟ?”

“ಅದರ ಹಿಂದ ತೂತ ಐತ್ರಿ. ಅದನ್ನ ಮುಚ್ಚೇನಿ.”

ಅಧಿಕಾರಿ ತಾವೇ ಎದ್ದು, ಚಪ್ಪಲಿ ಬಿಟ್ಟು (ಇದನ್ನು ನಾನು ಗಮನಿಸಿದೆ), ಪಟವನ್ನು ಎರಡೂ ಕೈಯಿಂದ ಎತ್ತಿದರು. ಅಂಗೈ ಅಗಲದ ತೂತು. ಅದರೊಳಗಿಂದ ಇಲಿ ಕಡಿದ ಕಾಗದದ ಚೂರುಗಳು ಅವರ ಪಾದದ ಮೇಲೆ ಉದುರಿದವು. ಒಂದು ಚೂರಿನ ಮೇಲೆ ದೇಸಾಯಿ ಸರ್ ಅವರ ಅರ್ಧ ಸಹಿ ಇತ್ತು. ಅಧಿಕಾರಿ ಪಟವನ್ನು ಮೊದಲಿನಂತೆ ತೂಗುಹಾಕಿ, ಕುಳಿತು, ವರದಿ ಬರೆದರು: ‘ಸದರಿ ಊದಿನಕಡ್ಡಿಯನ್ನು ದುರ್ವಾಸನೆ ನಿವಾರಣೆಗಾಗಿ ಬಳಸಲಾಗುತ್ತಿದೆ. ಫಿನಾಯಿಲ್ ಒದಗಿಸುವುದು.’ ಕೆಳಗೆ ಇನ್ನೊಂದು ಸಾಲು: ‘ಪೂಜೆ ಪುನಸ್ಕಾರಗಳ ಕುರಿತು ಇನ್ನು ಮುಂದೆ ಸುತ್ತೋಲೆ ಹೊರಡಿಸತಕ್ಕದ್ದಲ್ಲ.’ ನನ್ನ ಮೂರು ಪುಟ ಗೆದ್ದಿತ್ತು. ಗೆದ್ದದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ತೂತು ನೋಡುತ್ತಿದ್ದರು. ಸಂಜೆ ದೇಸಾಯಿ ಸರ್ ತಾವೇ ಗುತ್ತಿಗೆಯವರಲ್ಲಿಗೆ ಹೋಗಿ, ನಿಂಗವ್ವನನ್ನು ಬಿಡಿಸಬಾರದೆಂದು ಹೇಳಿ ಬಂದರು. ಯಾವ ದನಿಯಲ್ಲಿ ಹೇಳಿದರೋ ಗೊತ್ತಿಲ್ಲ, ಅವರೂ ಕೇಳಿದರು.

ಈ ವರ್ಷದ ಖಂಡೇನವಮಿಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮರೆತುಹೋದೀತು. ಸುತ್ತೋಲೆ ಬರಲಿಲ್ಲ. ಬೇಕಾದವರು ನಾಲ್ಕು ಜನ ಸೇರಿದರು. ನಿಂಗವ್ವ ಒಂದು ಕಾಯಿ ತಂದು ಮುಲ್ಲಾ ಸರ್ ಕೈಗೆ ಕೊಟ್ಟು, “ಒಡದ ಕೊಡ್ರಿ, ನನ್ನ ಕೈಲಿ ಸೊಟ್ಟ ಒಡೀತೈತಿ” ಎಂದಳು. ಅವರು ಒಂದೇ ಏಟಿಗೆ ಒಡೆದರು. ಆಮೇಲೆ ನನ್ನ ಹತ್ತಿರ ಬಂದು, “ಹ್ವಾದ ವರ್ಷ ಸುತ್ತೋಲಿಗೆ ಒಡದಿದ್ದೆರಿ. ಈ ವರ್ಷ ನಿಂಗವ್ವ ಕೇಳಿದ್ಲು ಅಂತ ಒಡದೆ. ಕೈಗೆ ಹಗರ ಅನಿಸ್ತು” ಎಂದು ಒಂದು ಚೂರು ಕೊಟ್ಟರು. ಪ್ರಿಂಟರಿನ ಮೇಲೆ ಯಾರೋ ಮೊದಲೇ ಬಟ್ಟೆ ಹೊದಿಸಿದ್ದರು.

ವಿಚಾರಣೆಯ ಮರುದಿನಕ್ಕೆ ಬರುತ್ತೇನೆ. ಬೆಳಿಗ್ಗೆ ಸಹಿ ಮಾಡಲು ಹೋದರೆ ಕಚೇರಿಯಲ್ಲಿ ಹೊಸ ಫಿನಾಯಿಲಿನ ಘಾಟು. ತೂತಿಗೆ ಗಿಲಾವು ಮೆತ್ತಲಾಗಿತ್ತು. ಅದರ ಮೇಲೆ ಅದೇ ಪಟ, ಪಟದ ಮುಂದೆ ಅದೇ ಊದಿನಕಡ್ಡಿ. ನನ್ನ ಚಟ ನಿಮಗೆ ಮೊದಲೇ ಹೇಳಿದ್ದೇನೆ. ಸುಮ್ಮನೆ ಸಹಿ ಮಾಡಿ ಹೋಗಬಹುದಿತ್ತು. ಹೋಗಲಿಲ್ಲ. ಪಡಸಾಲೆ ಗುಡಿಸುತ್ತಿದ್ದ ನಿಂಗವ್ವನ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದೆ: “ನಿಂಗವ್ವ, ಈಗ ನಾವಿಬ್ಬರ ಅದೀವಿ. ಖರೆ ಹೇಳವಾ. ಆ ಕಡ್ಡಿ ದೇವರಿಗೋ, ಇಲಿ ನಾತಕ್ಕೋ?”

ಅವಳು ಪೊರಕೆ ನಿಲ್ಲಿಸಿ ನನ್ನನ್ನು ಮೇಲೆ ಕೆಳಗೆ ನೋಡಿದಳು. ಗುಟ್ಟು ಹೇಳುವವಳಂತೆ ಹತ್ತಿರ ಬಂದಳು.

“ಅದು ನನಗೂ ಅವಗೂ ಇದ್ದದ್ದರಿ ಸರ. ಸರಕಾರಕ್ಕ್ಯಾಕ ಬೇಕದು?”

ಗುಟ್ಟು ಗೇಟಿನವರೆಗೆ ಹೋಯಿತು. ನಾಲ್ಕು ತರಗತಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. “ನಾ ಸರಕಾರ ಅಲ್ಲವಾ, ನಾ ಕೇಳಿದ್ದು ಹಂಗ ಸುಮ್ಮನ” ಎಂದೆ. “ಪಗಾರ ಯಾರ ಕೊಡತಾರರಿ ನಿಮಗ?” ಎಂದು ಅವಳು ಮತ್ತೆ ಗುಡಿಸತೊಡಗಿದಳು. ಧೂಳು ನನ್ನ ಕಡೆಗೇ ಬಂದದ್ದರಿಂದ ನಾನು ಜಾಗ ಬಿಟ್ಟೆ.

ಅದೇ ವರ್ಷದ ಡಿಸೆಂಬರಿನಲ್ಲಿ ಕಿರುಪರೀಕ್ಷೆ ನಡೆಯಿತು. ‘ಧರ್ಮ ಮತ್ತು ರಾಜ್ಯದ ಸಂಬಂಧವನ್ನು ವಿವರಿಸಿ’ ಎಂದು ಐದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಯಾವ ಉತ್ತರದಲ್ಲಿಯೂ ಅಣ್ಣತಮ್ಮಂದಿರಿಲ್ಲ, ಬಾವಿಯಿಲ್ಲ, ಒಲೆಯಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದಳು: ‘ದೇವರ ವಿಷಯ ಮನುಷ್ಯನಿಗೂ ದೇವರಿಗೂ ಸಂಬಂಧಿಸಿದ್ದು. ಅದು ಸರಕಾರಕ್ಕೆ ಬೇಕಾಗಿಲ್ಲ. ಈ ತತ್ವವನ್ನು ನಮ್ಮ ಕಾಲೇಜಿನ ನಿಂಗವ್ವನವರು ಪ್ರತಿಪಾದಿಸಿದರು. ಅವರನ್ನು ಕೇಳಿ ನಮ್ಮ ಸರ್ ತಿಳಿದುಕೊಂಡರು.’

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ತಪ್ಪು ಹುಡುಕಿದೆ. ‘ಪ್ರತಿಪಾದಿಸಿದರು’ ಎಂಬುದರ ಕಾಗುಣಿತ ಕೂಡ ಸರಿಯಿತ್ತು. ಐದಕ್ಕೆ ಐದು ಕೊಟ್ಟೆ. ಕಡೆಯ ವಾಕ್ಯದ ಪಕ್ಕದಲ್ಲಿ ‘ಇದು ಅನಾವಶ್ಯಕ’ ಎಂದು ಬರೆದೆ. ಆಮೇಲೆ ಅದನ್ನೇ ಹೊಡೆದುಹಾಕಿದೆ.